ಬಿಳಿಗೌರಿ ಹೊಳೆ ದಾಟಿದ್ದು

ಎಚ್.ಡಿ. ಕೋಟೆ ಸೀಮೆಯಲ್ಲಿ ಯಾರನ್ನಾದರೂ ನಿಲ್ಲಿಸಿ, ಬಿಳಿಗೌರಿ ಕೊನೆಗೆ ಏನಾದಳು ಎಂದು ಕೇಳಿ ನೋಡಿ. ಹೊಳೆ ದಂಡೆಯಲ್ಲಿ ನಿಂತಿದ್ದಾಳೆ ಎನ್ನುತ್ತಾರೆ. ಅತ್ತೆ ಹೇರಿದ ಕೆಲಸವನ್ನೆಲ್ಲ ಮುಗಿಸಿ, ಗೌರಿ ಹಬ್ಬಕ್ಕೆಂದು ತೌರಿಗೆ ಹೊರಟ ಹುಡುಗಿ. ಹೊಳೆ ತುಂಬಿ ಬಂದದ್ದರಿಂದ ಈಚೆ ದಡದಲ್ಲೇ ನಿಂತುಬಿಟ್ಟಳು. ನಿಂತು ನಿಂತು ಕಲ್ಲಾದಳು ಎಂದು ಕೆಲವರು ತಮ್ಮ ಕೈಯಿಂದ ಒಂದು ಚೂರು ಸೇರಿಸುತ್ತಾರೆ. ಬೀಚನಹಳ್ಳಿ ಕಡೆಯ ದೋಣಿಯವರು ಕಬಿನಿ ಹಿನ್ನೀರಿನಲ್ಲಿ ಒಂದು ಬಂಡೆ ತೋರಿಸಿ, ಇವಳೇ ಅವಳು ಎಂದು ರೆಸಾರ್ಟಿನ ಅತಿಥಿಗಳ ಕೈಯಲ್ಲಿ ಫೋಟೋ ತೆಗೆಸುವುದೂ ಉಂಟು. ಬಂಡೆಯ ಮುಖದಲ್ಲಿ ಮೂಗುತಿ ಕಂಡವರೂ ಇದ್ದಾರೆ.

ಇಷ್ಟಕ್ಕೆಲ್ಲ ಆಧಾರ ಪುರಾಣವಲ್ಲ, ಶಾಸನವೂ ಅಲ್ಲ. ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆ ಹೋದದ್ದು.

ಇದು ಅಂತರಸಂತೆಯ ಸಣ್ಣಬೀರಯ್ಯನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಆ ಕ್ಯಾಸೆಟ್ಟಿನಲ್ಲಿ ಹಾಡಿದವನು ಅವನೇ. ಆಗ ಅವನಿಗೆ ಗಂಟಲೂ ಇತ್ತು, ತಲೆಗೂದಲೂ ಇತ್ತು. ಮೈಸೂರಿನಲ್ಲಿ ಕ್ಯಾಸೆಟ್ ಕಂಪನಿ ಇಟ್ಟಿದ್ದ ಗಂಗಾಧರಪ್ಪ ಎಂಬವರು ಅವನ ಪದ ಕೇಳಿ ಮೆಚ್ಚಿ, ಜೀಪಿನಲ್ಲಿ ಕರೆದುಕೊಂಡು ಹೋಗಿ, ಗಾಜಿನ ಕಿಟಕಿಯಿದ್ದ ಒಂದು ಕೋಣೆಯಲ್ಲಿ ತಂಬೂರಿ ಸಮೇತ ಕೂಡಿಹಾಕಿದರು. ಗಾಜಿನ ಆಚೆ ವೆಂಕಟೇಶ್ ಎಂಬ ರೆಕಾರ್ಡಿಸ್ಟು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ, ಇನ್ನೊಂದಕ್ಕೆ ಅರ್ಧ ಗಂಟೆ. ಎರಡನೇ ಮಗ್ಗುಲಲ್ಲಿ ಬಿಳಿಗೌರಿ ಹೊಳೆಗೆ ಬಂದು ಕಾಲಿನ ಗೆಜ್ಜೆ ಬಿಚ್ಚುವ ಹೊತ್ತಿಗೆ, ವೆಂಕಟೇಶ್ ಗಾಜಿನ ಹಿಂದೆ ಕೈಯನ್ನು ಗಿರಗಿರ ತಿರುಗಿಸತೊಡಗಿದ. ಬೇಗ ಮುಗಿಸು ಎಂದು ಅದರ ಅರ್ಥವಂತೆ. ಸಣ್ಣಬೀರಯ್ಯ ಗಾಬರಿಯಲ್ಲಿ ಹುಡುಗಿಯನ್ನು ಅಲ್ಲೇ ಬಿಟ್ಟು ಮಂಗಳಕ್ಕೆ ಜಾರಿದ. ಉಳಿದದ್ದು ಎರಡನೇ ಭಾಗಕ್ಕಿರಲಿ, ಜನ ಕಾಯಲಿ, ಕಾದಷ್ಟೂ ರುಚಿ ಎಂದರು ಗಂಗಾಧರಪ್ಪ.

ಜನ ಕಾದರು. ಕ್ಯಾಸೆಟ್ಟು ಟ್ರ್ಯಾಕ್ಟರಿನಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಹಾಡಿದ್ದೇ ಹಾಡಿತು. ಅಷ್ಟರಲ್ಲಿ ಸಿ.ಡಿ. ಬಂತು, ಒಂದೇ ತಟ್ಟೆಯಲ್ಲಿ ನೂರು ಹಾಡು ತುಂಬಿ ಬಸ್‌ಸ್ಟ್ಯಾಂಡಿನಲ್ಲಿ ಮಾರುವವರು ಬಂದರು. ಕೊಳ್ಳುವವರಿಗಿಂತ ಕೊಳ್ಳೆ ಹೊಡೆಯುವವರೇ ಹೆಚ್ಚಾದರು. ಆಮೇಲೆ ಮೊಬೈಲು ಬಂದು ತಟ್ಟೆಯನ್ನೂ ಎತ್ತಿಬಿಟ್ಟಿತು. ರೀಲು ಸುತ್ತುವ ಕಾಲ ಹೋಗಿ ರೀಲ್ಸ್ ಸುತ್ತುವ ಕಾಲವಾಯಿತು. ಗಂಗಾಧರಪ್ಪನವರ ಕಂಪನಿ ಮುಳುಗಿತು. ಬಿಳಿಗೌರಿ ಮಾತ್ರ ಮುಳುಗಲೂ ಇಲ್ಲ, ದಾಟಲೂ ಇಲ್ಲ.

ಕ್ಯಾಸೆಟ್ಟು ಕೆಟ್ಟರೂ ಅದು ಕಲಿಸಿದ ಪಾಠ ಕೆಡಲಿಲ್ಲ. ಸಣ್ಣಬೀರಯ್ಯ ಯಾರ ಮನೆಯಲ್ಲಿ ಹಾಡಲು ಕೂತರೂ, ಬಿಳಿಗೌರಿ ಹೊಳೆಗೆ ಬಂದಳು ಎನ್ನುತ್ತಿದ್ದ ಹಾಗೆ ಜನ ಪಂಚೆ ಕೊಡವಿಕೊಂಡು ಏಳುತ್ತಿದ್ದರು, ಹೆಂಗಸರು ಆರತಿ ತಟ್ಟೆ ಹುಡುಕುತ್ತಿದ್ದರು. ಇನ್ನೂ ಇದೆ ಕಣ್ರಪ್ಪ ಎಂದರೆ, ನಮಗೆ ಗೊತ್ತಿಲ್ಲವಾ, ಕ್ಯಾಸೆಟ್‌ನಲ್ಲಿ ಕೇಳಿದ್ದೀವಿ ಎಂದು ಇವನಿಗೇ ಹೇಳುತ್ತಿದ್ದರು. ಹೀಗೆ ಹಾಡದೆ ಹಾಡದೆ, ಹೊಳೆಯಾಚೆಗಿನ ಕಥೆ ಅವನ ನಾಲಿಗೆಯಿಂದ ಜಾರಿ ಎಲ್ಲಿಗೋ ಹೋಯಿತು. ಯಾವಾಗ ಹೋಯಿತೆಂದು ಅವನಿಗೂ ತಿಳಿಯಲಿಲ್ಲ. ಒಂದು ದಿನ ರಾಗಿ ಹೊಲದಲ್ಲಿ ಒಬ್ಬನೇ ಇದ್ದಾಗ ಹಾಡಿಕೊಳ್ಳಲು ನೋಡಿದರೆ, ಹೊಳೆ ಇತ್ತು, ಆಚೆ ದಡ ಇರಲಿಲ್ಲ.

ಅಂದಿನಿಂದ ಅವನಿಗೆ ಅದೊಂದು ಕೊರಗು. ಮಿಕ್ಕಂತೆ ನೆಮ್ಮದಿಯ ಬಾಳೇ: ಹೊಟ್ಟೆಗೆ ನೆಲ ಇತ್ತು, ಮಗ ಸೊಸೆ ಮಾತು ಬಿಟ್ಟಿರಲಿಲ್ಲ, ಮೊಮ್ಮಗಳು ಪವಿತ್ರಾ ಕೋಟೆಯ ಕಾಲೇಜಿಗೆ ಹೋಗುತ್ತಿದ್ದಳು. ಆದರೆ ಪದ ಕಲಿಸಿದ ಅವ್ವ ಮರಮ್ಮ ಹೇಳುತ್ತಿದ್ದಳು, ಕಥೆಯ ಹೆಣ್ಣುಮಗಳನ್ನು ದಾರಿಯಲ್ಲಿ ಬಿಟ್ಟು ಹಾಡುವವನು ಮೇಲೇಳಬಾರದು, ಒಂದು ಮನೆ ಸೇರಿಸಿಯೇ ಏಳಬೇಕು ಎಂದು. ಇವನು ಎದ್ದು ಮೂವತ್ತು ವರ್ಷದ ಮೇಲಾಗಿತ್ತು. ತನ್ನ ಉಸಿರಿರುವಾಗಲೇ ಆ ಹುಡುಗಿಯನ್ನು ದಾಟಿಸಿಬಿಡಬೇಕು ಎಂದು ಅವನಿಗೆ ಆಸೆ. ದಾಟಿಸುವುದು ಹೇಗೆಂದು ಮರೆತಿದ್ದ, ಅಷ್ಟೆ.

ಶಶಿ ಅವನ ಬಾಳಿಗೆ ಬಂದದ್ದು ಪವಿತ್ರಾಳ ಮೊಬೈಲಿನಿಂದ. ಪಿರಿಯಾಪಟ್ಟಣದ ಕಡೆಯ ಹುಡುಗ, ಹುಣಸೂರಿನಲ್ಲಿ ಡಿಗ್ರಿ ಮುಗಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಹಾಡಿ, ತಾನೇ ಧ್ವನಿ ಹಿಡಿದು, ತಾನೇ ಯೂಟ್ಯೂಬಿಗೆ ಬಿಡುವವನು. ಸ್ವತಂತ್ರ ಕಲಾವಿದ ಎಂದರೆ ಏನಪ್ಪ ಎಂದು ಯಾರಾದರೂ ಕೇಳಿದರೆ, ಬೇಡ ಅನ್ನೋಕೂ ಒಬ್ಬ ಮಾಲೀಕ ಇಲ್ಲದವನು ಎನ್ನುತ್ತಿದ್ದ. ಅವನು ಬಿಳಿಗೌರಿಯ ಪದವನ್ನು ಗಿಟಾರಿನೊಂದಿಗೆ ಹಾಡಿದ್ದು ಜನರ ಬಾಯಲ್ಲಿ ಓಡಾಡುತ್ತಿತ್ತು. ಪವಿತ್ರಾ ತಾತನಿಗೆ ಕೇಳಿಸಿದಳು. ಸಣ್ಣಬೀರಯ್ಯ ಕೇಳಿ, ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಹುಡುಗ "ಗೌರಿ" ಎನ್ನುವಲ್ಲೆಲ್ಲ ದನಿಯನ್ನು ಜಗ್ಗಿ, ತೇಲಿಸಿ, ಕುಸಿಸಿ, ಕುಡಿದವನು ಗದ್ದೆಬದುವಿನ ಮೇಲೆ ನಡೆದ ಹಾಗೆ ನಡೆಸಿದ್ದ. ಕೇಳಿದವರೆಲ್ಲ ಆ ಜಗ್ಗಾಟವನ್ನೇ ಹೊಗಳಿದ್ದರು, ಅಪ್ಪಟ ಜನಪದ ಶೈಲಿ ಎಂದು.

ಪವಿತ್ರಾ ಮೆಸೇಜು ಹಾಕಿದ್ದೇ ಬೈಕು ಹತ್ತಿ ಅಂತರಸಂತೆಗೆ ಬಂದು, ಕಾಲಿಗೆ ಬಿದ್ದು, ನಿಮ್ಮ ಕ್ಯಾಸೆಟ್ ಕೇಳಿಯೇ ಕಲಿತದ್ದು ತಾತ ಎಂದ ಶಶಿಯನ್ನು ಸಣ್ಣಬೀರಯ್ಯ ನಿಧಾನಕ್ಕೆ ವಿಚಾರಿಸಿದ. ಕ್ಯಾಸೆಟ್ಟು ಎಲ್ಲಿ ಇರುತ್ತಿತ್ತು? ಅಪ್ಪನ ಟ್ರ್ಯಾಕ್ಟರಿನಲ್ಲಿ. ಟ್ರ್ಯಾಕ್ಟರು ಎಲ್ಲಿ ನಿಲ್ಲುತ್ತಿತ್ತು? ಬಿಸಿಲಲ್ಲಿ.

"ಅಂಗಾರೆ ನೀ ಕಲ್ತಿರಾದು ನನ್ ಪದ ಅಲ್ಲ ಕಣ್ ಮಗ," ಎಂದ ಸಣ್ಣಬೀರಯ್ಯ. "ಬಿಸ್ಲಿಗೆ ಟೇಪು ಬೆಂದು ಎಳ್ದಾಡೈತೆ. ಅದ್ಕೇ ಶೈಲಿ ಅಂತ ಎಸ್ರಿಕ್ಕವ್ರೆ."

ಶಶಿಯ ಮುಖ ಒಂದು ಗಳಿಗೆ ಬಾಡಿ, ಮರುಗಳಿಗೆಯಲ್ಲೇ ಅರಳಿತು. ಹುಡುಗ ಹುಟ್ಟಾ ಅನುಕರಣೆಯವನು. ಬೆಂದ ಟೇಪಿನ ದನಿಯಲ್ಲೇ ಕಾಫಿ ಕೇಳಿದ, ಬೆಂದ ಟೇಪಿನ ದನಿಯಲ್ಲೇ ಸಕ್ಕರೆ ಸಾಲದು ಎಂದ, ಸೊಸೆ ಒಳಗಿನಿಂದ ನಗುತ್ತ ಬಂದು ನೋಡಿದಳು. ಆಮೇಲೆ ತನ್ನ ದನಿಗೆ ಇಳಿದು, ಚಿಕ್ಕಂದಿನಿಂದ ಕೇಳಬೇಕೆಂದಿದ್ದ ಒಂದೇ ಒಂದು ಮಾತನ್ನು ಕೇಳಿದ. ಎರಡನೇ ಭಾಗ ಎಲ್ಲಿ ಸಿಗುತ್ತೆ ತಾತ?

ಮಂಡಿಯ ಮೇಲಿದ್ದ ಸಣ್ಣಬೀರಯ್ಯನ ಕೈ ತಾಳ ಹಾಕುವುದನ್ನು ನಿಲ್ಲಿಸಿತು. ಇದ್ದುದನ್ನು ಇದ್ದ ಹಾಗೆ ಹೇಳಿದ. ಶಶಿ ತನ್ನಲ್ಲಿ ಟೇಪೂ ಇಲ್ಲ, ಮಗ್ಗುಲೂ ಇಲ್ಲ, ಕೈ ತಿರುಗಿಸುವ ವೆಂಕಟೇಶನೂ ಇಲ್ಲ, ಎಷ್ಟು ಹೊತ್ತು ಬೇಕಾದರೂ ಹಾಡಬಹುದು ಎಂದ. ನೀವು ನೆನಪು ಮಾಡಿಕೊಂಡು ಬಂದರೆ ಸಾಕು.

ನೆನಪಿಗೆ ಉಳಿದಿದ್ದ ಒಂದೇ ದಾರಿ ಅಕ್ಕ ಕುಳ್ಳಮ್ಮ. ಹೆಸರಿಗೆ ಮಾತ್ರ ಕುಳ್ಳಿ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಆಳು. ಕೆ.ಆರ್. ನಗರದಾಚೆ ಚುಂಚನಕಟ್ಟೆಗೆ ಕೊಟ್ಟಿದ್ದರು. ಅವ್ವನ ಪದಗಳನ್ನು ತಮ್ಮನ ಜೊತೆಯಲ್ಲೇ ಕಲಿತವಳು. ಸಣ್ಣಬೀರಯ್ಯ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದ. ಅಕ್ಕ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಬಂದ ಕೆಲಸ ಕೇಳಿ, ಅದೇನು ದೊಡ್ಡದು ಎಂದು ತಂಬಿಗೆ ಕೆಳಗಿಟ್ಟು, ಅಲ್ಲೇ ಹಾಡತೊಡಗಿದಳು. ಅತ್ತೆ ಬೈದದ್ದು ಬಂತು, ರಾಗಿ ಬೀಸಿದ್ದು ಬಂತು, ದಾರಿಯ ಹೊಂಗೆ ಮರ ಬಂತು, ಹೊಳೆ ಬಂತು. ಹೊಳೆ ಬಂದದ್ದೇ ಕುಳ್ಳಮ್ಮ ಸಲೀಸಾಗಿ ಮಂಗಳ ಹಾಡಿ ಮುಗಿಸಿ, ಆಮೇಲೆ ತಾನೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಥೂ ನಿನ್ ಕ್ಯಾಸೆಟ್‌ಗೆ ಬೆಂಕಿ ಆಕ," ಎಂದಳು. "ಅದ್ನೇ ಕೇಳಿ ಕೇಳಿ ನಂದೂ ಅಲ್ಲೇ ನಿಂತೋಗೈತೆ ಕಣ್ಲಾ ಬೀರ."

ಅಕ್ಕ ತಮ್ಮ ಕಟ್ಟೆಯ ಮೇಲೆ ಕೂತು ಜಗಳವಾಡಿದರು. ಅಣ್ಣಂದಿರು ಹರಿಗೋಲು ತಂದರು ಎಂದು ಅವಳು. ಹರಿಗೋಲು ಬೇರೆ ಪದದ್ದು ಎಂದು ಇವನು. ಹೊಳೆಯೇ ದಾರಿ ಬಿಟ್ಟಿತು ಎಂದು ಇವನು. ಅದೆಲ್ಲ ನೀನು ಟಿ.ವಿ.ಯಲ್ಲಿ ನೋಡಿದ್ದು ಎಂದು ಅವಳು. ಕೊನೆಗೆ, ನೆನಪಿದ್ದರೂ ಇಲ್ಲದಿದ್ದರೂ ತಾನೂ ಬರುವುದೇ ಸೈ ಎಂದು ಕುಳ್ಳಮ್ಮ ಬ್ಯಾಗು ಹಿಡಿದು ಹೊರಟಳು. ಹಿಂದೆ ಕ್ಯಾಸೆಟ್ಟಿಗೆ ಹಾಡಿದಾಗ ಮೈಸೂರಿಗೂ ತಮ್ಮನ ಜೊತೆ ಬಂದಿದ್ದವಳು ಅವಳು.

ಶಶಿಯ ಸ್ಟುಡಿಯೋ ಎಂದರೆ ಅವನ ತೋಟದ ಹೊಗೆಸೊಪ್ಪಿನ ಬ್ಯಾರನ್. ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ, ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದ ಮಾಡುವ ಎತ್ತರದ ಮನೆ. ಮಣ್ಣಿನ ದಪ್ಪ ಗೋಡೆ, ಕಿಟಕಿಯಿಲ್ಲ. ಒಳಗೆ ಸೀನಿದರೆ ಹೊರಗೆ ಕೇಳದು, ಹೊರಗೆ ಟ್ರ್ಯಾಕ್ಟರ್ ಹೋದರೆ ಒಳಗೆ ಕೇಳದು. ಸೊಪ್ಪಿನ ಕಾಲ ಮುಗಿದ ಮೇಲೆ ಅದಕ್ಕೆ ಯಾರೂ ಸೊಪ್ಪು ಹಾಕುವುದಿಲ್ಲವಾದ್ದರಿಂದ ಶಶಿ ಅಲ್ಲಿ ಮೈಕು ನೆಟ್ಟು, ಗೋಡೆಗೆ ಹಳೆಯ ಕಂಬಳಿ ಹೊದಿಸಿದ್ದ. ಆಗ ಫೆಬ್ರವರಿ. ಹದವಾದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವ ಹೆಂಗಸರು ಪಕ್ಕದ ಚಪ್ಪರದಲ್ಲಿ ಕೂತಿದ್ದರು, ಮುಂದಾಳು ಶಶಿಯ ತಾಯಿ ಸೋಮಮ್ಮ.

ಸಣ್ಣಬೀರಯ್ಯನನ್ನು ಒಳಗೆ ಕೂರಿಸಿ, ಶಶಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಇನ್ನು ಯಾರೂ ಉಸಿರೆತ್ತಬೇಡಿ ಎಂದ. ತಮ್ಮನ ಪಕ್ಕ ಕಾಲು ಚಾಚಿಕೊಂಡಿದ್ದ ಕುಳ್ಳಮ್ಮ ಮೂರನೇ ಸಾಲಿಗೇ "ಹೂಂ" ಎಂದಳು. ಶಶಿ ಚೇಳು ಕಡಿದವನಂತೆ ಹಾರಿದ. ಅಜ್ಜಿ ದಯವಿಟ್ಟು ಹೊರಗೆ ಚಪ್ಪರದಲ್ಲಿ ಕೂತಿರಿ, ಮೈಕಿಗೆ ಎಲ್ಲ ಕೇಳುತ್ತೆ ಎಂದು ಕೈ ಮುಗಿದ. ಕುಳ್ಳಮ್ಮ ಎದ್ದಳು. ಆ ವೆಂಕಟೇಶನೂ ಹೀಗೇ ಹಾರಿದ್ದ, ಅವತ್ತು ಮೈಸೂರಿನಲ್ಲಿ ಮೆಟ್ಟಿಲ ಮೇಲೆ ಕೂತು ಚುರುಮುರಿ ತಿಂದಿದ್ದೇ ಬಂತು, ಇಲ್ಲಿ ಅದೂ ಇಲ್ಲ ಎಂದು ಗೊಣಗುತ್ತ ಹೊರಗೆ ಹೋದಳು.

ಸಣ್ಣಬೀರಯ್ಯ ಹಾಡಿದ. ಬ್ಯಾರನ್ನಿನ ಗೋಡೆಗಳು ಅವನ ದನಿಯನ್ನು ಹೊಗೆಸೊಪ್ಪಿನಂತೆಯೇ ಹದವಾಗಿ ಹಿಡಿದವು. ಎಲ್ಲ ಚೆನ್ನಾಗಿ ಬಂತು. ಹೊಳೆಗೆ ಬಂದದ್ದೇ ತಡ, ಗಂಟಲು ತಾನಾಗಿ ಮಂಗಳಕ್ಕೆ ತಿರುಗಿತು, ಹಳೆಯ ಎತ್ತು ಹೇಳದೆಯೇ ಕೊಟ್ಟಿಗೆಗೆ ತಿರುಗುವ ಹಾಗೆ. ನೀರು ಕುಡಿದು ಮತ್ತೆ ಮೊದಲಿನಿಂದ ಹಾಡಿದ. ಮತ್ತೆ ಹೊಳೆ, ಮತ್ತೆ ಮಂಗಳ. ಕತ್ತಲೆ ಕೋಣೆಯಲ್ಲಿ ಮೈಕು ಮುದ್ದೆಕೋಲಿನಂತೆ ಎದುರು ನಿಂತಿತ್ತು. ಅದು ಏನನ್ನೂ ಕೇಳುತ್ತಿರಲಿಲ್ಲ, ಬರೀ ಕೇಳಿಸಿಕೊಳ್ಳುತ್ತಿತ್ತು.

ಶಶಿ ಮೆಲ್ಲಗೆ ಹೆಡ್‌ಫೋನು ತೆಗೆದು, ಇಷ್ಟೇ ಸಾಕು ತಾತ, ಹೊಳೆಯ ಹತ್ತಿರ ಸದ್ದು ನಿಧಾನವಾಗಿ ಇಳಿಸಿ ಮುಗಿಸುತ್ತೇನೆ, ತುಂಬ ಚಂದ ಬರುತ್ತೆ, ಈಗಿನವರಿಗೆ ಅಂಥ ಕೊನೆಯೇ ಇಷ್ಟ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಇಷ್ಟ ಅವರ್ಗಪ್ಪ," ಎಂದ ಸಣ್ಣಬೀರಯ್ಯ. "ನಿಂತಿರೋಳು ಅವ್ಳು. ಹಬ್ಬಕ್ಕೆ ಅಂತ ಒಂಟೋಳು, ಇನ್ನೂ ನೀರ್ ನೋಡ್ತಾ ನಿಂತವ್ಳೆ. ಅವ್ಳು ದಾಟ್ದಿದ್ರೆ ನಂಗೆ ಇದು ಬ್ಯಾಡ ಬುಡು."

ಊಟಕ್ಕೆ ಎದ್ದರು. ಸೋಮಮ್ಮ ಚಪ್ಪರದಲ್ಲೇ ಮುದ್ದೆ, ಹುರುಳಿ ಸಾರು ಬಡಿಸಿದಳು. ಸಣ್ಣಬೀರಯ್ಯ ಮುದ್ದೆ ಮುರಿದು ಹಾಗೇ ಕೂತಿದ್ದ. ತಾನು ಬಂದದ್ದು ದಂಡ, ಅವ್ವನಿಗೆ ಮೇಲೆ ಹೋಗಿ ಯಾವ ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದ. ಹೆಂಗಸರು ಮಾತ್ರ ಖುಷಿಯಲ್ಲಿದ್ದರು. ಕ್ಯಾಸೆಟ್ಟಿನ ಬೀರಯ್ಯ ಕಣ್ಣೆದುರು ಕೂತು ಊಟ ಮಾಡುತ್ತಿದ್ದಾನೆ, ಬಿಟ್ಟರೆ ಸಿಕ್ಕಾನೇ. ಒಳಗೆ ಹಾಡಿದ್ದು ನಮಗೆ ಒಂದಕ್ಷರ ಕೇಳಿಸಲಿಲ್ಲ, ನಮಗೂ ಒಂದು ಸಲ ಹಾಡಿ ಅಣ್ಣ ಎಂದು ಸೋಮಮ್ಮ ಕೇಳಿದಳು. ಹೊರಗೆ ಬಿಸಿಲು ಏರಿತ್ತು. ಬ್ಯಾರನ್ನಿನ ಒಳಗೇ ತಂಪು. ಶಶಿ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕುಳ್ಳಮ್ಮ ಮುಂದೆ, ಹೆಂಗಸರು ಹಿಂದೆ, ಎಲೆಯ ಧೂಳು ಮೈತುಂಬ ಹೊತ್ತುಕೊಂಡು ಒಳಗೆ ಹೋಗಿ ಕೂತಾಗಿತ್ತು. ಅವರಲ್ಲಿ ನಾಲ್ಕು ಜನ ಆಗಲೇ ಸೀನುತ್ತಿದ್ದರು. ಶಶಿ ಹೆಡ್‌ಫೋನನ್ನು ಗೂಟಕ್ಕೆ ನೇತುಹಾಕಿ, ಏನಾದರೂ ಆಗಲಿ ಎಂದು ಗುಂಡಿ ಒತ್ತಿ, ತಾನೂ ಚಕ್ಕಳಮಕ್ಕಳ ಹಾಕಿ ಕೂತ.

ಸಣ್ಣಬೀರಯ್ಯ ತಂಬೂರಿ ಮಿಡಿದ. ಮೊದಲ ಸಾಲು ಮುಗಿಯಿತು.

"ಹೂಂ," ಎಂದಳು ಕುಳ್ಳಮ್ಮ.

ಈ ಸಲ ಅವಳನ್ನು ತಡೆಯುವವರಿರಲಿಲ್ಲ. ಅವ್ವನ ಕಾಲದಲ್ಲಿ ಹೀಗೇ. ಮರಮ್ಮ ಒಂದು ಸಾಲು ಹಾಡಿ ಕಾಯುತ್ತಿದ್ದಳು; ಯಾರಾದರೂ ಹೂಂಗುಟ್ಟಿದರೆ ಇನ್ನೊಂದು ಸಾಲು. ಹೂಂ ನಿಂತರೆ ಮಕ್ಕಳು ಮಲಗಿದವೆಂದು ಕಥೆಯೂ ಅಲ್ಲಿಗೇ ಮಲಗುತ್ತಿತ್ತು. ಕುಳ್ಳಮ್ಮನನ್ನು ಕೇಳಿ ಸೋಮಮ್ಮನೂ ಹೂಂ ಎಂದಳು, ಮಿಕ್ಕವರೂ ಸೇರಿದರು. ಒಬ್ಬಳದ್ದು ಅಳುವ ಹೂಂ, ಒಬ್ಬಳದ್ದು ಅತ್ತೆಯನ್ನು ಬೈಯುವ ಹೂಂ, ಒಬ್ಬಳದ್ದು ಆಮೇಲೆ ಹೇಳಿ ಎಂಬ ಅವಸರದ ಹೂಂ. ಸಣ್ಣಬೀರಯ್ಯನಿಗೆ ಯಾರೋ ಹಿಂದಿನಿಂದ ಗಾಡಿ ನೂಕುತ್ತಿರುವಂತೆ ಅನಿಸಿತು. ರಾಗಿ ಬೀಸಿದ್ದು ಮುಗಿಯಿತು, ಹೊಂಗೆ ಮರ ಹಿಂದಾಯಿತು.

ಹೊಳೆ ಬಂತು. ಬಿಳಿಗೌರಿ ಗೆಜ್ಜೆ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಕ್ಯಾಸೆಟ್ಟು ಕೇಳಿ ಬೆಳೆದ ಹೆಂಗಸರು ರೂಢಿಯಂತೆ ಮಂಡಿಗೆ ಕೈಕೊಟ್ಟು ಏಳತೊಡಗಿದರು. ಸಣ್ಣಬೀರಯ್ಯನ ಗಂಟಲೂ ಮಂಗಳಕ್ಕೆ ತಿರುಗಿತು.

"ಹೂಂ," ಎಂದಳು ಕುಳ್ಳಮ್ಮ, ಗಟ್ಟಿಯಾಗಿ.

ಅವನು ಅಕ್ಕನ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಗಲ್ಲಕ್ಕೆ ಕೈ ಇಟ್ಟು, ಅವ್ವನ ಮುಂದೆ ಕೂತ ಹುಡುಗಿಯಂತೆ ಕಾಯುತ್ತಿದ್ದಳು. ತಂಬೂರಿ ಸುಮ್ಮನೆ ಮಿಡಿಯುತ್ತಿತ್ತು. ಎದ್ದಿದ್ದ ಹೆಂಗಸರು ಅರ್ಧಕ್ಕೇ ನಿಂತರು.

"ಹೂಂ ಅಂದೆ ಕಣ್ಲಾ. ಆಮ್ಯಾಕೆ?"

ಸಣ್ಣಬೀರಯ್ಯನ ತಲೆಯಲ್ಲಿ ಏನೂ ಇರಲಿಲ್ಲ. ಆದರೆ ಕೇಳಿದವಳಿಗೆ ಉತ್ತರ ಕೊಡಬೇಕಲ್ಲ. ಬಾಯಿ ತೆರೆದ. ಬಾಯಿ ತನಗೆ ಗೊತ್ತಿದ್ದುದನ್ನು ಹೇಳಿತು:

ಅಪ್ಪನ ಕೂಗಿದಳು ಅಣ್ಣನ ಕೂಗಿದಳು
ಹೊಳೆಯ ಸದ್ದಲ್ಲಿ ದನಿ ಮುಳುಗೈತೆ
ಕೊಟ್ಟಿಗೆಯ ಎಮ್ಮೆ ಕಿವಿಯ ನಿಮಿರಿಸಿತವ್ವ
ಕಟ್ಟಿದ ಕಣ್ಣಿ ಕಿತ್ತು ಹೊಳೆಗಿಳಿದೈತೆ

ಕುಳ್ಳಮ್ಮ ಕಣ್ಣು ಬಿಟ್ಟಳು. ಎಮ್ಮೆ ಎಂದು ಉಸುರಿದಳು. ಎಮ್ಮೆಯೇ. ಬಿಳಿಗೌರಿ ಕರುವಿನಿಂದ ಸಾಕಿ, ತೌರಿನಲ್ಲೇ ಬಿಟ್ಟು ಬಂದಿದ್ದ ಎಮ್ಮೆ. ಅಪ್ಪನಿಗೆ ಕೇಳದ ದನಿ, ಅಣ್ಣನಿಗೆ ಕೇಳದ ದನಿ, ಅದಕ್ಕೆ ಕೇಳಿತ್ತು. ಅಕ್ಕ ತಮ್ಮ ಇಬ್ಬರಿಗೂ ಒಟ್ಟಿಗೇ ನೆನಪಾಯಿತು, ಇಲ್ಲಿ ಅವ್ವ ಎಮ್ಮೆಯ ಹಾಗೆ ಕೂಗುತ್ತಿದ್ದಳು ಎಂಬುದು. ಸಣ್ಣಬೀರಯ್ಯ ಕತ್ತು ಮುಂದೆ ಚಾಚಿ, ಮೂಗಿನಿಂದ ಹೊಟ್ಟೆಯವರೆಗೆ ಉಸಿರೆಳೆದುಕೊಂಡು ಕೂಗಿದ. ಬ್ಯಾರನ್ನು ನಡುಗಿತು. ಹೊರಗೆ ಕಟ್ಟಿದ್ದ ಸೋಮಮ್ಮನ ಎಮ್ಮೆ ತೆರೆದ ಬಾಗಿಲಿನಿಂದ ಉತ್ತರ ಕೊಟ್ಟಿತು. ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು, ನಗುತ್ತಲೇ ಹೂಂ ಎಂದರು. ಎಮ್ಮೆಗಳ ಜುಗಲ್ಬಂದಿ ಮುಗಿಯುವ ತನಕ ಕಥೆ ಕಾಯಿತು.

ಬಿಳಿಗೌರಿ ಎಮ್ಮೆಯ ಬಾಲ ಹಿಡಿದು ನೀರಿಗಿಳಿದಳು. ನಡುಹೊಳೆಯಲ್ಲಿ ಬಳೆ ಒಡೆಯಿತು, ಹೂ ತೇಲಿಹೋಯಿತು, ಬಾಲ ಬಿಡಲಿಲ್ಲ. ಆಚೆ ದಡ ಹತ್ತಿ ಸೀರೆ ಹಿಂಡಿಕೊಂಡಳು. ಎಮ್ಮೆಯ ಹಿಂದೆ ಮನೆ ಸೇರಿದಳು. ಅವ್ವ ಬಿಸಿನೀರು ಹುಯ್ದಳು, ತಲೆ ಒರೆಸಿದಳು, ಬಿಸಿ ಮುದ್ದೆ ತಟ್ಟೆಗಿಟ್ಟಳು. ಅಷ್ಟಾದ ಮೇಲೆ ಸಣ್ಣಬೀರಯ್ಯ ಮಂಗಳ ಹಾಡಿದ. ತುಂಬ ದಿನದ ಮೇಲೆ ಹೆಗಲ ಮೇಲಿನ ಮೂಟೆಯನ್ನು ಇಡಬೇಕಾದ ಜಾಗದಲ್ಲೇ ಇಳಿಸಿದ ಹಾಗಿತ್ತು. ಶಶಿ ಬಾಯಿ ತೆರೆದುಕೊಂಡು ಕೂತಿದ್ದ. ಎಲ್ಲರಿಗಿಂತ ಜೋರಾಗಿ ಹೂಂ ಎನ್ನುತ್ತಿದ್ದವನು ತಾನೇ ಎಂದು ಅವನಿಗೆ ತಿಳಿದದ್ದು ಆಮೇಲೆ, ಕೇಳಿ ನೋಡಿದಾಗ.

ಹೂಂಗಳನ್ನೂ ಸೀನುಗಳನ್ನೂ ತೆಗೆದುಹಾಕುವ ಸಾಫ್ಟ್‌ವೇರು ಅವನ ಬಳಿ ಇತ್ತು. ಒಂದು ಸಲ ತೆಗೆದು ಕೇಳಿದ. ಹಾಡುವವನು ಗೋಡೆಗೆ ಹೇಳುತ್ತಿದ್ದಂತೆ ಕೇಳಿಸಿತು. ಎಲ್ಲವನ್ನೂ ಮೊದಲಿದ್ದ ಹಾಗೇ ಇಟ್ಟು, ಹಾಡಿದವರು ಸಣ್ಣಬೀರಯ್ಯ, ಹೂಂಗುಟ್ಟಿದವರು ಕುಳ್ಳಮ್ಮ ಮತ್ತು ಸಂಗಡಿಗರು ಎಂದು ಬರೆದು, ಇಡೀ ಪದವನ್ನು ಒಂದೇ ತುಂಡಾಗಿ ಬಿಟ್ಟ. ಬೆಂದ ಟೇಪಿನ ತನ್ನ ಹಾಡನ್ನೂ ತೆಗೆಯಲಿಲ್ಲ. ಅದರ ಕೆಳಗೆ ನಿಜ ಸಂಗತಿಯನ್ನು ಬರೆದ. ಓದಿದವರಿಗೆ ಅದು ಇನ್ನೂ ಹಿಡಿಸಿತು.

ಹೊಸದಕ್ಕೆ ಬೈಗುಳವೂ ಬಂತು. ಒರಿಜಿನಲ್ ಕ್ಯಾಸೆಟ್‌ನಲ್ಲಿ ಎಮ್ಮೆ ಇಲ್ಲ, ಈಗಿನವರು ಕಥೆ ಕೆಡಿಸಿದ್ದಾರೆ ಎಂದು ಕೆಲವರು ಬರೆದರು. ಬೀಚನಹಳ್ಳಿಯ ದೋಣಿಯ ಚಾಮಯ್ಯನಿಗಂತೂ ಕೋಪವೇ ಬಂತು. ಅಂತರಸಂತೆಯ ಸಂತೆಯಲ್ಲಿ ಸಣ್ಣಬೀರಯ್ಯನನ್ನು ಅಡ್ಡಗಟ್ಟಿ, ಅವಳು ದಾಟಿಹೋದರೆ ನಾನು ಬಂಡೆ ತೋರಿಸಿ ಏನೆನ್ನಲಿ ಎಂದು ಕೇಳಿದ. ಈಚೆ ದಡದಲ್ಲಿ ನಿಂತಿದ್ದಳಲ್ಲ, ಆ ಜಾಗ ಎನ್ನು ಎಂದ ಸಣ್ಣಬೀರಯ್ಯ. ಚಾಮಯ್ಯ ಯೋಚಿಸಿ, ಪಕ್ಕದಲ್ಲೇ ಎಮ್ಮೆಯಂಥದ್ದೂ ಒಂದು ಬಂಡೆ ಇದೆ ಎಂದು ಸಮಾಧಾನ ಮಾಡಿಕೊಂಡ.

ಅವರ ಮಾತು ಕೇಳುತ್ತಿದ್ದ ಸೊಪ್ಪಿನ ಅಂಗಡಿಯ ಹೆಂಗಸು ಕೊತ್ತಂಬರಿ ಕಟ್ಟು ಕೈಯಲ್ಲೇ ಹಿಡಿದು ಮುಂದೆ ಬಗ್ಗಿದಳು. ಮಗಳ ಮೊಬೈಲಿನಲ್ಲಿ ಅವಳೂ ಪೂರ್ತಿ ಕೇಳಿದ್ದಳಂತೆ. ಅವಳಿಗೆ ಒಂದು ಅನುಮಾನ ಉಳಿದಿತ್ತು. ಹಬ್ಬ ಆದ ಮೇಲೆ ಬಿಳಿಗೌರಿ ಅತ್ತೆ ಮನೆಗೆ ಹೋದಳಾ, ಹೋಗಲಿಲ್ಲವಾ? ಗಂಡ ಕರೆಯಲು ಬಂದನಾ?

ಸಣ್ಣಬೀರಯ್ಯ ಕೊತ್ತಂಬರಿ ಕಟ್ಟು ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡ.

"ಈಗ್ತಾನೆ ಬಂದವ್ಳೆ ಕಣವ್ವ," ಎಂದ. "ಉಣ್ಲಿ, ಮಲೀಕಳ್ಲಿ. ಒಂದಷ್ಟ್ ದಿವ್ಸ ಇರ್ಲಿ ಬುಡು."